ಕನ್ನಗತ್ತರಿ ಹುಡುಕಿ ಹೊರಟೆ

ಮಿತ್ರರೇ, ಇಂದು ಸಂಜೆ ಹೊರನಾಡಿನ ನಮ್ಮ ಕನ್ನಡ ಸಂಘದ ನಾಟಕದಲ್ಲಿ ನಾನೇ ಕಳ್ಳ! ನಾಟಕದ ಪುಸ್ತಕದಲ್ಲಿ "ಕನ್ನಗತ್ತರಿ ಹಿಡಿದು ಪ್ರವೇಶ" ಎಂದಿದೆ. ಏನದು? ಬರಿಗೈಯಲ್ಲಿ ರಂಗಕ್ಕೆ ಬಂದರೆ ಮಾನ ಉಳಿದೀತೇ? ಸಂಘದವರನ್ನೇ ಕೇಳಿದೆ.

"ದರ್ಜಿ ಕತ್ತರಿನ ಐತ್ರಿ, ಜಲ್ದಿ ತರ್ರಿ," ಎಂದರು ಬ್ಯಾಂಕಿನ ರಾಯರು.

"ಅಲ್ಲ ಸಾರ್, ಕಳ್ಳ ಕೀಲಿಕೈ," ಎಂದರು ಮೈಸೂರಿನ ಮೇಷ್ಟ್ರು.

"ನಿಮ್ಮ ತಲೆ! ಕಳ್ಳನ ಜೊತೆಗಾರನಿಗೆ ಹಾಗನ್ನೋದು ಕಣ್ರೀ," ಎಂದರು ಅವರ ಹೆಂಡತಿ.

ಕನ್ನವೆಂದರೆ ಕಳ್ಳ ಗೋಡೆಗೆ ಕೊರೆಯುವ ತೂತು ತಾನೇ ಎಂದುಕೊಂಡು, ಮೂವರನ್ನೂ ಜಗಳಕ್ಕೆ ಬಿಟ್ಟು ಗಾಂಧಿಬಾಗ್ ಪೇಟೆಯ ಕಬ್ಬಿಣದಂಗಡಿಗೆ ಓಡಿ, ಹಿಂದಿಯಲ್ಲಿ ಗರ್ಜಿಸಿದೆ: "ಶೇಠಜೀ! ಗೋಡೆ ಕೊರೆದು ಕಳ್ಳತನ ಮಾಡಬೇಕಾಗಿದೆ. ತಕ್ಕ ಆಯುಧ ಕೊಡಿ!"

ಇಡೀ ಗಲ್ಲಿ ನನ್ನತ್ತ ತಿರುಗಿತು!

ಶೇಠರು ತಲೆಯೆತ್ತದೆ ಕೇಳಿದರು: "ಇಟ್ಟಿಗೆ ಗೋಡೆಯೋ, ಮಣ್ಣಿನದೋ?"

ಇಟ್ಟಿಗೆಯದೆಂದೆ. ಚೂಪು ಮೊನೆಯ ಸಲಾಕೆಯೊಂದು ಕೈಗೆ ಬಂತು. ನನಗಿಂತ ಮುಂಚೆ ಈ ಊರಿನಲ್ಲಿ ಎಷ್ಟು ಮಂದಿ ಈ ಪಾತ್ರ ಮಾಡಿದ್ದಾರೋ!