ಮೊಮ್ಮಗಳಿಗೆ ನಾನು ಕೊಟ್ಟ ಒನಕೆಯ ಏಟು

ಹೋಗಿದ್ದ ಕರೆಂಟು ಬಂದದ್ದೇ ತಡ, ಪಡಸಾಲೆಯಲ್ಲಿ ಮೊಮ್ಮಗಳು ಸುಜಾತಾ ಚೀರಿದಳು. ಶಾಲೆಯಲ್ಲಿ ಉಪ್ಪುನೀರಿಗೆ ಸೆಲ್ಲಿನ ಕರೆಂಟು ಬಿಟ್ಟು ಗುಳ್ಳೆ ಬರುವುದನ್ನು ತೋರಿಸಿದ್ದರಂತೆ. ಇವಳು ಅದನ್ನೇ ಮನೆಯ ಪ್ಲಗ್ಗಿನಿಂದ ಮಾಡಲು ಹೊರಟಿದ್ದಳು. ನಮ್ಮ ತುರ್ವಿಹಾಳದಲ್ಲಿ ಮಧ್ಯಾಹ್ನ ಹೋದ ಕರೆಂಟು ಮೂರಕ್ಕೆ ಬರುವುದು ರೂಢಿ. ಆ ಧೈರ್ಯದ ಮೇಲೆ ಸ್ವಿಚ್ ಆರಿಸದೆಯೇ ಸಿಪ್ಪೆ ಸುಲಿದ ವೈರು ಹಿಡಿದಿದ್ದಳು. ಅಂದು ಎರಡಕ್ಕೇ ಬಂದುಬಿಟ್ಟಿತು.

ಮುಷ್ಟಿ ವೈರನ್ನು ಬಿಡಲೊಲ್ಲದು. ಹೊಲದ ಮೋಟರಿನ ಹತ್ತಿರ ಇಂಥದ್ದನ್ನು ಕಂಡವಳು ನಾನು, ಮುಟ್ಟಿದರೆ ಇಬ್ಬರೂ ಹೋಗುತ್ತೇವೆಂದು ಗೊತ್ತಿತ್ತು. ಮೂಲೆಯಲ್ಲಿದ್ದ ಒಣ ಒನಕೆ ತೆಗೆದು ಅವಳ ಕೈಗೆ ಜೋರಾಗಿ ಬಾರಿಸಿದೆ. ವೈರು ಕಳಚಿತು, ಹುಡುಗಿ ಕುಸಿದಳು. ಸ್ವಿಚ್ ಆರಿಸಿ ತೊಡೆಗೆಳೆದುಕೊಂಡೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಅಳತೊಡಗಿದಳು.

“ಆಯಿ, ಎಷ್ಟ್ ಜೋರ್ ಹೊಡದೀ ಬೇ!”

“ಅಳು ನನ್ನವ್ವ, ಇನ್ನಷ್ಟ್ ಅಳು. ಕೇಳಾಕ ಚಂದ ಐತಿ,” ಎಂದೆ.

ಸಿಂಧನೂರಿನ ಡಾಕ್ಟರರು ಎದೆ ಪರೀಕ್ಷಿಸಿ, ಗಾಬರಿಪಡುವಂಥದ್ದೇನಿಲ್ಲ ಎಂದರು. ಅಂಗೈಯಲ್ಲಿ ಎರಡು ಸುಟ್ಟ ಗುರುತು, ಮೊಣಕೈ ಕೆಳಗೆ ನನ್ನ ಏಟಿನ ಬಾವು. ಆ ಮಗುವಿನ ಮೇಲೆ ನಾನು ಎಂದೂ ಕೈಯೆತ್ತಿದವಳಲ್ಲ. ಈಗ ದಿನಾ ಆ ಬಾವಿನ ಮೇಲೆ ಅರಿಶಿನ ಹಚ್ಚುವಾಗ ಅವಳು ನನ್ನನ್ನು ಬೈಯುತ್ತಾಳೆ. ನನಗೆ ಹೊಟ್ಟೆ ತುಂಬಿದಂತಾಗುತ್ತದೆ.