ಒಂಬತ್ತನೆಯ ಪ್ರಶ್ನೆಗೆ ಅಕ್ಕ ಬರೆದ ಉತ್ತರ

ಆ ಪ್ರಯೋಗಾಲಯದಲ್ಲಿ ವಯಸ್ಸಾದವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ರಕ್ತ ತೆಗೆದು, ಅದರ ಬಿಳಿ ಕಣಗಳನ್ನು ಬೇರ್ಪಡಿಸಿ, ಹೆಪ್ಪುಗಟ್ಟಿಸಿ ಇಡುವುದು ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ. ಅವಳು ಸೂಜಿ ಚುಚ್ಚಿದರೆ ಗೊತ್ತೇ ಆಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾಲಿಗೆಯ ಬಗ್ಗೆ ಮಾತ್ರ ಯಾರೂ ಹಾಗೆ ಹೇಳಿದ್ದಿಲ್ಲ.

ತಾಯಿ ತೀರಿಕೊಂಡಾಗ ಅವಳಿಗೆ ಹದಿನೇಳು, ತಮ್ಮನಿಗೆ ಆರು. ಅಂದಿನಿಂದ ತಮ್ಮನ ಪರವಾಗಿ ಉತ್ತರ ಕೊಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಮೇಷ್ಟರು ಅವನನ್ನು ಕೇಳಿದರೆ ಇವಳು ಹೇಳುವಳು. ಹೊಟ್ಟೆ ಎಲ್ಲಿ ನೋಯುತ್ತದೆ ಎಂದು ಡಾಕ್ಟರು ಕೇಳಿದರೂ ಇವಳೇ ತೋರಿಸುವಳು. ಅವನು ಬೆಳೆದು ಲಿಫ್ಟ್ ರಿಪೇರಿ ಮಾಡುವವನಾದ. ಮಾತುಮಾತಿಗೂ ನಗಿಸುವ ಅವನಿಗೆ ಗೆಳೆಯರು ಇಟ್ಟ ಹೆಸರು ಚಟಾಕಿ. ಇಂಥವನ ಬಗ್ಗೆ ಚಿಂತೆ ಮಾಡುವವರು ಯಾರು?

ಪ್ರಯೋಗಾಲಯದಲ್ಲಿ ನಡೆಯುತ್ತಿದ್ದದ್ದು ಖಿನ್ನತೆಯ ಅಧ್ಯಯನ. ದೇಹದ ಪ್ರತಿ ಜೀವಕೋಶವೂ ತನ್ನ ಇಂಧನವನ್ನು ತಾನೇ ತಯಾರಿಸಿಕೊಳ್ಳಬೇಕು. ಅದರಲ್ಲಿ ಮಿದುಳು ಮಹಾ ಹೊಟ್ಟೆಬಾಕ. ಮೈಯ ಇಂಧನದಲ್ಲಿ ಐದರಲ್ಲೊಂದು ಪಾಲನ್ನು ಅದೊಂದೇ ತಿಂದುಹಾಕುತ್ತದೆ. ಬದುಕಿರುವವರ ಮಿದುಳನ್ನು ಬಿಚ್ಚಿ ನೋಡುವಂತಿಲ್ಲ. ಹಾಗಾಗಿ ಇವರು ರಕ್ತದ ಬಿಳಿ ಕಣಗಳಲ್ಲಿ ಸುಳಿವು ಹುಡುಕುತ್ತಿದ್ದರು. ಮೊದಲು ಕಣಗಳನ್ನು ಸುಮ್ಮನೆ ಬಿಟ್ಟು ಅವು ಎಷ್ಟು ಇಂಧನ ತಯಾರಿಸುತ್ತವೆಂದು ಅಳೆಯುವುದು, ಆಮೇಲೆ ಒಂದು ಹನಿ ರಾಸಾಯನಿಕ ಬಿಟ್ಟು, ಈಗ ದುಡಿ ನೋಡೋಣ ಎಂದು ತಿವಿದು ಅಳೆಯುವುದು. ಯಂತ್ರದ ತೆರೆಯ ಮೇಲೆ ಆರೋಗ್ಯವಂತರ ಗೆರೆ ತಗ್ಗಿನಲ್ಲಿದ್ದು, ತಿವಿದೊಡನೆ ಮೇಲಕ್ಕೆ ನೆಗೆಯುತ್ತಿತ್ತು. ಇಲ್ಲಿಗೆ ಬಂದ ಅನೇಕ ರೋಗಿಗಳ ಗೆರೆಯಾದರೋ ಸುಮ್ಮನಿದ್ದಾಗಲೇ ಎತ್ತರದಲ್ಲಿರುತ್ತಿತ್ತು. ತಿವಿದರೆ ಏಳುತ್ತಲೇ ಇರಲಿಲ್ಲ.

ಹೋಲಿಕೆಗೆ ಆರೋಗ್ಯವಂತರ ರಕ್ತವೂ ಬೇಕಲ್ಲ? ಅದಕ್ಕೇ ಅಲ್ಲಿ 'ಮನೆಗೊಂದು ತೋಳು' ಎಂಬ ಪದ್ಧತಿಯಿತ್ತು. ಕೆಲಸದವರೆಲ್ಲ ತಮ್ಮ ಮನೆಯಿಂದ ಒಬ್ಬೊಬ್ಬರನ್ನು ಕರೆತರಬೇಕು. ಮೂರು ತಿಂಗಳ ಹಿಂದೆ ಅಕ್ಕ ತಮ್ಮನನ್ನು ಎಳೆದುತಂದಿದ್ದಳು. ರಕ್ತ ಕೊಡುವ ಮುಂಚೆ ಒಂಬತ್ತು ಪ್ರಶ್ನೆಗಳ ಫಾರಂ ತುಂಬಬೇಕು. ಯಾವುದರಲ್ಲೂ ಆಸಕ್ತಿ ಇಲ್ಲವೇ, ನಿದ್ದೆಗೆ ತೊಂದರೆಯೇ ಎಂದು ಸಾಗಿ, ಕೊನೆಯದು ಸತ್ತರೆ ವಾಸಿ ಎನಿಸಿದ್ದುಂಟೇ ಎಂಬುದು. ಅವನು ಶರ್ಟಿನ ತೋಳು ಮಡಿಸುವಷ್ಟರಲ್ಲಿ ಅಕ್ಕ ಪೆನ್ನು ಹಿಡಿದು, ಮೇಲಿನಿಂದ ಕೆಳಗಿನವರೆಗೆ ಇಲ್ಲ, ಇಲ್ಲ ಎಂದು ಬರೆದು ಮುಗಿಸಿದ್ದಳು. ಅವನು ನಗುತ್ತಲೇ ಸಹಿ ಹಾಕಿ ಹೋಗಿದ್ದ.

ಟ್ಯೂಬಿನ ಮೇಲೆ ಬರೀ ನಂಬರು ಇರುತ್ತದೆ. ರಕ್ತ ತೆಗೆದವರು ಅದನ್ನು ಯಂತ್ರಕ್ಕೆ ಹಾಕಬಾರದೆಂಬುದು ನಿಯಮ. ಇವತ್ತು ಯಂತ್ರ ನೋಡಿಕೊಳ್ಳುವವಳು ರಜೆ ಹಾಕಿದ್ದಳು. ಒಂದು ದಿನಕ್ಕೇನಂತೆ ಎಂದು ಅಕ್ಕನೇ ಹಾಕಿದಳು. ನಲವತ್ತೊಂದನೆಯ ನಂಬರಿನ ಟ್ಯೂಬಿನ ಗೆರೆ ಎತ್ತರದಲ್ಲೇ ಶುರುವಾಯಿತು. ರಾಸಾಯನಿಕ ಬಿತ್ತು. ಗೆರೆ ಮಿಸುಕಲಿಲ್ಲ. ನಲವತ್ತೊಂದು ಯಾರ ತೋಳಿನದೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಅದೇ ರಕ್ತದ ಇನ್ನೊಂದು ಪಾಲು ಕರಗಿಸಿ ಹಾಕಿದಳು. ಮತ್ತೆ ಅದೇ.

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ ಬಳಿ ಹೋಗಿ ಎಲ್ಲ ಹೇಳಿದಳು. ಅವರು ಮೊದಲು ನಿಯಮ ಮುರಿದದ್ದಕ್ಕೆ ಗದರಿಸಿದರು. ಒಂದು ಟ್ಯೂಬು ನೋಡಿ ಕಾಯಿಲೆ ಹೇಳಲಾಗದು, ಜ್ವರ ಬಂದಿದ್ದರೂ ಹೀಗಾದೀತು ಎಂದರು. ಆಮೇಲೆ ಕಪಾಟಿನಿಂದ ಫಾರಂ ತೆಗೆದು ನೋಡಿ, ಅದನ್ನು ಅವಳತ್ತ ತಿರುಗಿಸಿದರು.

"ಇದು ನಿನ್ನ ಅಕ್ಷರ ಅಲ್ವೇನಮ್ಮ?"

ಹೌದೆಂದು ಅಕ್ಕ ಒಪ್ಪಿಕೊಂಡಳು. ಅವರು ಒಂದು ಖಾಲಿ ಫಾರಂ ಅವಳ ಕೈಗಿಟ್ಟು, ಯಂತ್ರಕ್ಕೆ ತಿಳಿಯದ್ದನ್ನು ಅವನನ್ನೇ ಕೇಳಬೇಕು, ಈಗಲೇ ಹೋಗು ಎಂದರು.

ಆರು ಸಲ ಫೋನ್ ಮಾಡಿದರೂ ಅವನು ಎತ್ತಲಿಲ್ಲ. ಅವನು ಕೆಲಸ ಮಾಡುತ್ತಿದ್ದ ಎಂಟು ಅಂತಸ್ತಿನ ಕಟ್ಟಡದ ಬಾಗಿಲಲ್ಲಿ ಅವನದೇ ಕೈಬರಹದ ಹಲಗೆ ನಿಂತಿತ್ತು: 'ಲಿಫ್ಟ್ ರಜೆಯಲ್ಲಿದೆ, ಮೆಟ್ಟಿಲು ಡ್ಯೂಟಿಯಲ್ಲಿದೆ.' ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಐದನೆಯ ಅಂತಸ್ತಿನಲ್ಲಿ ಲಿಫ್ಟಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಲಿಫ್ಟ್ ಇರಲಿಲ್ಲ, ಬರೀ ಕತ್ತಲು. ತಮ್ಮನನ್ನು ಕೂಗಿದಳು. ಅವಳ ದನಿಯೇ ಕೆಳಗಿನಿಂದ ಮರಳಿ ಬಂತು. ಕೆಳಕ್ಕೆ ಇಣುಕಲು ಧೈರ್ಯ ಸಾಲದೆ, ಗೋಡೆ ಹಿಡಿದುಕೊಂಡೇ ಮೇಲಕ್ಕೆ ಓಡಿದಳು.

ತಾರಸಿಯ ಮೋಟಾರು ಕೋಣೆಯಲ್ಲಿ ಅವನು ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ. ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿದ್ದ, ಒಂದನ್ನೂ ಮುಟ್ಟಿರಲಿಲ್ಲ. ಊಟದ ಡಬ್ಬಿಯೂ ಹಾಗೆಯೇ ಇತ್ತು. ಅವಳನ್ನು ಕಂಡದ್ದೇ ನಕ್ಕ. ಆ ನಗು ಅಷ್ಟು ಬೇಗ ಬಂದದ್ದು ಕಂಡು ಅಕ್ಕನಿಗೆ ಮೊದಲ ಸಲ ಹೆದರಿಕೆಯಾಯಿತು.

ಏದುಸಿರು ಬಿಡುತ್ತಲೇ ನೆಲದ ಮೇಲೆ ಕೂತು, ಫಾರಂ ಬಿಡಿಸಿ ಒಂದನೆಯ ಪ್ರಶ್ನೆ ಓದಿದಳು. ಓದಿ, ಬಾಯಿ ಮುಚ್ಚಿಕೊಂಡು ಕಾದಳು. ಮೊದಲೆರಡಕ್ಕೆ ಅವನು ಚಟಾಕಿ ಹಾರಿಸಿದ. ಅವಳು ನಗದೆ ಕಾಯುತ್ತಲೇ ಇದ್ದಳು. ಮೂರನೆಯದು ನಿದ್ದೆಯ ಪ್ರಶ್ನೆ. ಅವನು ಮುಖ ತಿರುಗಿಸಿದ. ರಾತ್ರಿಯೆಲ್ಲ ಎಚ್ಚರ, ಹಗಲು ಸುಮ್ಮನೆ ಕೂತರೂ ಸುಸ್ತು, ಸ್ಪ್ಯಾನರು ಎತ್ತಲು ಅರ್ಧ ಗಂಟೆ ಬೇಕು ಎಂದ. ಅಕ್ಕ ಆ ಗೆರೆಯ ಕತೆ ಹೇಳಿದಳು.

"ಖಾಲಿ ನಿಂತಿದ್ದಾಗ್ಲೇ ಮೋಟ್ರು ಬಿಸಿ, ಜನ ಹತ್ತಿದ್ರೆ ಎತ್ತಲ್ಲ. ಅಂಥ ಲಿಫ್ಟ್ ಬೇಕಾದಷ್ಟು ನೋಡಿದೀನಿ," ಎಂದ.

ಒಂದೊಂದಾಗಿ ಕೇಳುತ್ತ ಕೊನೆಗೆ ಒಂಬತ್ತನೆಯದನ್ನೂ ಓದಿದಳು.

"ಅವತ್ತು ನೀನು ಅದಕ್ಕೆ ಇಲ್ಲ ಅಂತ ಬರ್ದಿದ್ದು ನೋಡ್ದೆ ಅಕ್ಕ. ಅದನ್ನ ನಿಜ ಮಾಡೋಣ ಅಂತ ಮೂರು ತಿಂಗಳಿಂದ ಒದ್ದಾಡ್ತಿದೀನಿ."

ಏನೂ ಆಗಲ್ಲ ಎನ್ನುವ ಮಾತು ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡು, ಅಕ್ಕ ಪೆನ್ನನ್ನು ಅವನಿಗೇ ಕೊಟ್ಟಳು. ಅವನು 'ಹೌದು' ಎಂದು ಬರೆದ.

"ಈಗಲೇ ಡಾಕ್ಟರ ಹತ್ರ ಹೋಗೋಣ. ಬರ್ತೀಯಾ?" ಎಂದು ಕೇಳಿದಳು. ಕೇಳಿ, ಮತ್ತೆ ಕಾದಳು.

ಅವನು ಮೇನ್ ಸ್ವಿಚ್ ಆರಿಸಿ, ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿದ. ಪ್ರತಿ ಅಂತಸ್ತಿನಲ್ಲೂ ನಿಂತು ನಿಂತು ಇಳಿದರು. ಎರಡನೆಯ ಅಂತಸ್ತಿನಲ್ಲಿ ಚೀಲ ಹೊತ್ತು ಹತ್ತುತ್ತಿದ್ದ ಮುದುಕರೊಬ್ಬರು, ಲಿಫ್ಟ್ ಯಾವಾಗ ಸರಿಹೋಗುತ್ತದೆಂದು ಅವನನ್ನು ಕೇಳಿದರು. ಅಕ್ಕ ಉತ್ತರ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

"ಇವತ್ತು ಆಗಲ್ಲ ಸಾರ್," ಎಂದ ಚಟಾಕಿ. "ನನಗೆ ಹುಷಾರಿಲ್ಲ."