ಬೈಯಲು ಬಾರದ ಊಲಮಿ

ಊಲಮಿಯಂಥ ಪುಕ್ಕಲಿ ನಮ್ಮ ಮೋಡದಲ್ಲೇ ಇನ್ನೊಬ್ಬಳಿಲ್ಲ. ಗುಡುಗಿದರೆ ಸಾಕು, ಅವಳ ಗಾಳಿಚೀಲ ಮುದುಡಿ ಮೈ ಕೆಳಕ್ಕೆ ಜಾರುತ್ತಿತ್ತು. ನೆಲವೇ ಇಲ್ಲದ ಈ ಅನಿಲಗ್ರಹದಲ್ಲಿ ಹೆದರಿದವರು ಇಳಿಯುತ್ತಾರೆ, ಸಿಟ್ಟಾದವರು ಏರುತ್ತಾರೆ. ತೀರಾ ಇಳಿದವರು ಕೆಳಗಿನ ಕಾವಿನಲ್ಲಿ ಬೆಂದೇ ಹೋಗುತ್ತಾರೆ. ಅದಕ್ಕೇ ಹೆದರಿದವರನ್ನು ಸಂತೈಸುವ ರೂಢಿ ನಮ್ಮಲ್ಲಿಲ್ಲ, ಹಿಗ್ಗಾಮುಗ್ಗಾ ಬೈಯುತ್ತೇವೆ.

ಅವಳ ಗಂಡ ನೇವು ಬೈಯುವುದರಲ್ಲಿ ಎತ್ತಿದ ಕೈ. "ಏನೇ, ಇಷ್ಟಕ್ಕೇ ಪುಸ್ಸಂತ ಇಳಿದ್ಯಾ? ನಿಮ್ಮಪ್ಪನ ಕಡೆಯೋರೆಲ್ಲ ಹಿಂಗೇನಾ?"

"ನಮ್ಮಪ್ಪನ ಸುದ್ದಿಗೆ ಬರಬೇಡಿ ನೋಡಿ!" ಎಂದು ಉರಿದುಕೊಂಡು ಊಲಮಿ ಮೇಲೇರುತ್ತಿದ್ದಳು. ನೂರಾರು ವರ್ಷ ಹೀಗೇ ಸಂಸಾರ ಸಾಗಿತು. ತಿರುಗಿ ಬೈಯಲು ಮಾತ್ರ ಪುಣ್ಯಾತ್ಗಿತ್ತಿಗೆ ಬಾಯೇ ಬರಲಿಲ್ಲ.

ಮೊನ್ನೆ ಕೆಂಪು ಸುಂಟರಗಾಳಿ ಎದ್ದಾಗ ಎಲ್ಲರೂ ದಿಕ್ಕಾಪಾಲಾದರು. ಪಕ್ಕದ ಮುದುಕನೊಬ್ಬ ಕಣ್ಣೆದುರೇ ಮುಳುಗಿದ್ದನ್ನು ಕಂಡು ನೇವುವಿನ ಧೈರ್ಯವೇ ಉಡುಗಿತು. ಅವನು ಸರಸರ ಇಳಿಯತೊಡಗಿದ. ಬೈಯುವುದಕ್ಕೆ ಹತ್ತಿರ ಇದ್ದವಳು ಊಲಮಿ ಒಬ್ಬಳೇ. ಅವಳೂ ಜೊತೆಗೇ ಜಾರುತ್ತ ಅವನ ಬಾಲಕ್ಕೆ ತನ್ನ ಬಾಲ ಸುತ್ತಿದಳು.

"ರೀ... ನೀವು... ನೀವು ದಡ್ಡರು ಕಣ್ರೀ!"

ಆ ಭಯದಲ್ಲೂ ನೇವುವಿಗೆ ನಗು ಬಂತು. ನಕ್ಕಿದ್ದಕ್ಕೆ ಇದ್ದ ಗಾಳಿಯೂ ಸೋರಿ ಇಬ್ಬರೂ ಇನ್ನಷ್ಟು ಇಳಿದರು. ಹೊಟ್ಟೆಗೆ ಬಿಸಿ ತಾಗಿತು. ಅಯ್ಯೋ, ಆಗ ಅವಳ ಬಾಯಿಗೆ ತಿರಿಯ ಹೆಸರು ಬಂತು.

ತಿರಿ ಅವರ ಮಗಳು. ಹಿಂದೊಮ್ಮೆ ನೇವು ಮೋಡ ಮೇಯಲು ದೂರ ಹೋಗಿದ್ದಾಗ ಮಗು ಹೆದರಿ ಇಳಿದಿತ್ತು. ಊಲಮಿ ಬೈಯದೆ ಅಪ್ಪಿ ಮುದ್ದಾಡಿದಳು. ಮಗು ತೆಕ್ಕೆಯಿಂದಲೇ ಜಾರಿಹೋಯಿತು. ಹೆಂಡತಿಗೆ ಏನೆಲ್ಲ ಬೈದರೂ ನೇವು ಆ ಮಾತನ್ನು ಒಮ್ಮೆಯೂ ಎತ್ತಿದವನಲ್ಲ.

"ನೀನೂ ಒಬ್ಬ ಅಪ್ಪನೇನೋ?" ಊಲಮಿ ಕಿರುಚಿದಳು. "ಮಗು ಅಪ್ಪಾ ಅಪ್ಪಾ ಅಂತ ಕೂಗ್ತಾ ಬಿತ್ತು. ನಿನಗೆ ಹೊಟ್ಟೆಪಾಡೇ ಹೆಚ್ಚಾಯ್ತು. ನೀನೇ ಕೊಂದೆ ಅವಳನ್ನ!"

ನೇವುವಿನ ಮೈ ಕೆಂಡವಾಗಿ ಉಬ್ಬಿತು. ಅವಳನ್ನೂ ಎಳೆದುಕೊಂಡೇ ಸುಂಟರಗಾಳಿ ಸೀಳಿ ಮೇಲೇರಿದ.

"ರೀ, ಅದು ಸುಳ್ಳು. ನಿಮ್ಮನ್ನ ಮೇಲೆತ್ತೋಕೆ ಹಂಗಂದೆ," ಎಂದು ಆಮೇಲೆ ಅವಳು ಅತ್ತಳು.

"ಗೊತ್ತು," ಎಂದು ನೇವು ಬಾಲ ಬಿಡಿಸಿಕೊಂಡ.

ನಿನ್ನೆ ಮತ್ತೆ ಗುಡುಗಿತು. ಊಲಮಿ ಜಾರತೊಡಗಿದಳು. ಗಂಡನತ್ತ ನೋಡಿದಳು. ತನ್ನಪ್ಪನ ಸುದ್ದಿಯಾದರೂ ಎತ್ತಿ ಬೈಯಲಿ ಎಂದು ಕಾದಳು.

ನೇವು ಬಾಲ ಮಡಚಿಕೊಂಡು ಅವಳತ್ತ ಬಾಗಿದ. "ಹೆದರಬೇಡಮ್ಮ," ಎಂದ ಮೆತ್ತಗೆ. "ಏನೂ ಆಗಲ್ಲ."